ಬಂಜೆಗೆ ಪುಲ್ಲಿಂಗವಿಲ್ಲ

ಶಿಕಾರಿಪುರ ಸೀಮೆಯ ಉಡುತಡಿಯಲ್ಲಿ ಜನಿಸಿದ ಅಕ್ಕಮಹಾದೇವಿಯ ವಚನಗಳನ್ನು ಪಾಠ ಹೇಳುವಾಗ ‘ಬಂಜೆ’ ಎಂಬ ಶಬ್ದದ ಬಳಿ ನಾನು ತುಸು ನಿಲ್ಲುವುದುಂಟು. ಅದಕ್ಕೆ ಪುಲ್ಲಿಂಗರೂಪ ಬಳಕೆಯಲ್ಲಿಲ್ಲ. ಮಕ್ಕಳಿಲ್ಲದ ಮನೆಯ ದೋಷವನ್ನೆಲ್ಲ ನಮ್ಮ ನುಡಿಯು ಹೆಣ್ಣಿನ ತಲೆಗೇ ಕಟ್ಟಿದೆ. ಸೊರಬದ ಚಂದ್ರಗುತ್ತಿಯ ರೇಣುಕೆಯೆದುರು ಸಂತಾನಕ್ಕಾಗಿ ಸೆರಗೊಡ್ಡುವವಳೂ ಆಕೆಯೇ.

ವೈದ್ಯಶಾಸ್ತ್ರದ ಲೆಕ್ಕ ಬೇರೆ. ಸಂತಾನವಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಅಂಥ ಕಾರಣಗಳಲ್ಲೊಂದು ವೆರಿಕೋಸೀಲ್. ಎಂದರೆ, ವೃಷಣದಿಂದ ರಕ್ತವನ್ನು ಮೇಲಕ್ಕೊಯ್ಯುವ ನಾಳಗಳು ಉಬ್ಬಿ ಸುರುಳಿಗಟ್ಟುವುದು. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದುಂಟು, ಬಹುಮಟ್ಟಿಗೆ ಎಡಗಡೆಗೆ. ಅವರೆಲ್ಲರೂ ಸಂತಾನಹೀನರಲ್ಲ, ಆದರೆ ಕೆಲವರಲ್ಲಿ, ಮಡುಗಟ್ಟಿದ ರಕ್ತದ ಕಾವಿಗೆ ವೀರ್ಯಾಣುಗಳು ಕುಂದುತ್ತವೆ.

ವೀರ್ಯಾಣುಗಳೇ ಇಲ್ಲದಿದ್ದವನೊಬ್ಬ ಶಸ್ತ್ರಚಿಕಿತ್ಸೆಯ ತರುವಾಯ ತಂದೆಯಾದುದನ್ನು ಎಡಿನ್‌ಬರೋದ ವೈದ್ಯ ಟಲಕ್ 1950ರ ದಶಕದಲ್ಲಿ ವರದಿಮಾಡಿದರು. ಈಗ ತೊಡೆಸಂದಿನ ಬಳಿ ಸಣ್ಣದಾಗಿ ಕೊಯ್ದು, ಸೂಕ್ಷ್ಮದರ್ಶಕದ ನೆರವಿನಿಂದ ಶುದ್ಧರಕ್ತದ ನಾಳವನ್ನು ಕಾಪಾಡಿ, ಉಬ್ಬಿದ ನಾಳಗಳನ್ನಷ್ಟೇ ಕಟ್ಟುತ್ತಾರೆ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಫಲವನ್ನರಿಯಲು 3ರಿಂದ 6 ತಿಂಗಳು ಕಾಯಬೇಕು. ಹಲವರಲ್ಲಿ ವೀರ್ಯದ ಗುಣ ಸುಧಾರಿಸುತ್ತದೆ. ಮಗುವಾಗಿಯೇ ತೀರುತ್ತದೆಂಬ ಭರವಸೆಯನ್ನು ಮಾತ್ರ ಯಾವ ವೈದ್ಯನೂ ಕೊಡಲಾರ.

ಇದೆಲ್ಲದರ ಮೊದಲ ಮೆಟ್ಟಿಲು ವೀರ್ಯಪರೀಕ್ಷೆ. ಅದರಲ್ಲಿ ನೋವಿಲ್ಲ, ಹೆಚ್ಚು ವೆಚ್ಚವೂ ಇಲ್ಲ, ಇರುವುದು ಲಜ್ಜೆಯೊಂದೇ. ಗಂಡನು ಆ ಲಜ್ಜೆಯನ್ನು ದಾಟದೆ ಕಳೆದ ಒಂದೊಂದು ವರುಷವೂ ಹೆಂಡತಿ ಪುಲ್ಲಿಂಗವಿಲ್ಲದ ಆ ಶಬ್ದವನ್ನು ಹೊತ್ತು ಬಾಳಬೇಕಾಗುತ್ತದೆ; ಎಷ್ಟೋ ಮನೆಗಳಲ್ಲಿ ಸವತಿಯನ್ನೂ ಕಾಣಬೇಕಾಗಿ ಬಂದಿದೆ.