ರಥಬೀದಿಯ ಕಾಲ್ನಡಿಗೆ: ಹಳೆಯ ಹೋಟೆಲುಗಳ ಲೆಕ್ಕಪುಸ್ತಕ

ಲಂಡನ್ ಮೊದಲಾದ ನಗರಗಳಲ್ಲಿ ಹಳೆಯ ಪಬ್‌ಗಳನ್ನು ಕಾಲ್ನಡಿಗೆಯಲ್ಲಿ ತೋರಿಸಿ ಅವುಗಳ ಕಥೆ ಹೇಳುವುದೇ ಒಂದು ಉದ್ಯಮವಾಗಿದೆ. ಉಡುಪಿಯಲ್ಲಿ ಆ ಸ್ಥಾನ ಸಲ್ಲತಕ್ಕದ್ದು ಹೋಟೆಲುಗಳಿಗೆ. ಶ್ರೀಕೃಷ್ಣ ಮಠದ ರಥಬೀದಿಯನ್ನು ಒಂದು ಸುತ್ತು ಬರಲು ಹೆಚ್ಚು ಹೊತ್ತು ಬೇಡ. ಆದರೆ ಇಲ್ಲಿನ ಅಡುಗೆಯನ್ನು ನಂಬಿ ಹೊರಟ ಉದ್ದಿಮೆ ಮದರಾಸು, ಬೆಂಗಳೂರು, ಮುಂಬಯಿಗಳನ್ನು ಮುಟ್ಟಿತು. ಅದರ ಇತಿಹಾಸದಲ್ಲಿ ರುಚಿಯಷ್ಟೇ ಲೆಕ್ಕಕ್ಕೂ ಪಾತ್ರವಿದೆ.

ನಡಿಗೆಯನ್ನು ಮಿತ್ರ ಸಮಾಜದಿಂದ ಆರಂಭಿಸುವುದು ಉಚಿತ. ಗೋಳಿಬಜೆ, ಬನ್ಸ್, ಮಸಾಲೆದೋಸೆಗಳಿಗೆ ಹೆಸರಾದ ಹೋಟೆಲು ಅದು. ಇಂತಹ ಹೋಟೆಲುಗಳ ಬಂಡವಾಳ ಸರಳ: ನಗದು ವ್ಯಾಪಾರ, ಅಂದಿನ ಹಿಟ್ಟು ಅಂದೇ ಖಾಲಿ. 1925ರಲ್ಲಿ ಉಡುಪಿಯಲ್ಲಿಯೇ ಸ್ಥಾಪಿತವಾದ, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನಗೊಂಡ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಠೇವಣಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿನಲ್ಲಿ ಸಂಗ್ರಹಿಸುತ್ತಿತ್ತು. ದಿನದ ಗಳಿಕೆಯ ವ್ಯಾಪಾರಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ.

ಇಲ್ಲಿಂದ ಹೊರಗೆ ಹೋದವರ ಅನುಭವಗಳಲ್ಲಿ ಎರಡು ಮನನೀಯ. ಕಾರ್ಕಳದ ಕಡೆಯ ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ಬಂಗಲೆಯೊಂದನ್ನು ಬಾಡಿಗೆಗೆ ಪಡೆದು ಹೋಟೆಲು ತೆರೆದರು. ಬಂಗಲೆಯ ಹೆಸರೇ 'ವುಡ್‌ಲ್ಯಾಂಡ್ಸ್' ಎಂದು ಪ್ರಸಿದ್ಧವಾಯಿತು. ಅದೇ ಹೆಸರಿನ ಡ್ರೈವ್-ಇನ್ ಹೋಟೆಲು 1962ರಿಂದ ಜನಪ್ರಿಯವಾಗಿದ್ದರೂ 2008ರಲ್ಲಿ ಮುಚ್ಚಿತು. ಗಿರಾಕಿಗಳ ಕೊರತೆ ಅದಕ್ಕೆ ಕಾರಣವಲ್ಲ, ಜಾಗ ಸ್ವಂತದ್ದಾಗಿರಲಿಲ್ಲ.

ಎರಡನೆಯದು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರದು. 1924ರಲ್ಲಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲು ಮುಂದೆ ಎಂ.ಟಿ.ಆರ್. ಆಯಿತು. ಎರಡನೆಯ ಮಹಾಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ಅಲ್ಲಿ ರವೆ ಇಡ್ಲಿ ಜನ್ಮ ತಾಳಿತೆಂದು ಹೇಳಲಾಗುತ್ತದೆ. ತುರ್ತು ಪರಿಸ್ಥಿತಿಯ ಬೆಲೆ ನಿಯಂತ್ರಣದಲ್ಲಿ ಅಸಲೂ ಹುಟ್ಟದಾದಾಗ, ಗುಣಮಟ್ಟ ಇಳಿಸುವ ಬದಲು ಹೋಟೆಲನ್ನೇ ಮುಚ್ಚಿ, ಸಿದ್ಧ ಹಿಟ್ಟು, ಪುಡಿಗಳ ಮಾರಾಟಕ್ಕೆ ಒತ್ತು ಕೊಡಲಾಯಿತು. ಹೋಟೆಲು ಅನಂತರ ಪುನಃ ತೆರೆಯಿತು; ಆಹಾರೋತ್ಪನ್ನಗಳ ಕಂಪೆನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಖರೀದಿಸಿತು. ಸಂಕಟಕಾಲದ ಉಪಾಯವೇ ಕಾಲಾಂತರದಲ್ಲಿ ಬೆಲೆಬಾಳುವ ಆಸ್ತಿಯಾಯಿತು.

ನಡಿಗೆ ಮತ್ತೆ ರಥಬೀದಿಗೆ ಮರಳಿದಾಗ ಉಳಿಯುವ ಪ್ರಶ್ನೆ ಉತ್ತರಾಧಿಕಾರದ್ದು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಮಗ ನಸುಕಿನಲ್ಲಿ ಒಲೆ ಹಚ್ಚಲು ಬರುವನೇ? ಬರದಿದ್ದರೆ ಹೋಟೆಲು ಯಾರಿಗೆ? ಬಾಯಿಮಾತಿನ ಪಾಲುಗಾರಿಕೆ ಮೊದಲ ತಲೆಮಾರಿನ ವಿಶ್ವಾಸದಿಂದ ನಡೆದೀತು. ಮೂರನೆಯ ತಲೆಮಾರಿಗೆ ಅದು ವ್ಯಾಜ್ಯದ ಬೀಜ. ಆದುದರಿಂದ ಹಳೆಯ ಹೋಟೆಲುಗಳ ಮಾಲಕರು ಪಾಲುಗಾರಿಕೆ ಪತ್ರ, ನೋಂದಾಯಿತ ಗೇಣಿಪತ್ರ, ಉಯಿಲು, ವ್ಯಾಪಾರ ಚಿಹ್ನೆಯ ನೋಂದಣಿ ಇವುಗಳನ್ನು ಸಕಾಲದಲ್ಲಿ ಮಾಡಿಕೊಳ್ಳುವುದು ಕ್ಷೇಮ. 'ಉಡುಪಿ' ಎಂಬ ಊರಿನ ಹೆಸರನ್ನು ಯಾರೂ ತಮ್ಮದೊಬ್ಬರದೇ ಎಂದು ಕಾದಿರಿಸಿಕೊಳ್ಳುವುದು ಕಷ್ಟ. ತಮ್ಮ ಹೋಟೆಲಿನ ವಿಶಿಷ್ಟ ಹೆಸರನ್ನು ರಕ್ಷಿಸಿಕೊಳ್ಳಲು ಸಾಧ್ಯವಿದೆ.

ಹೋಟೆಲಿನ ಆರಂಭದ ವರ್ಷ, ಮೊದಲ ಮಾಲಕರ ಹೆಸರು, ಹಳೆಯ ದರಪಟ್ಟಿ ಇವನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ ತೂಗುಹಾಕಿದರೆ ಖರ್ಚು ಅತ್ಯಲ್ಪ. ಯಾತ್ರಿಕರಿಗೆ ಅದು ಕಥೆ. ಮನೆಯ ಮಕ್ಕಳಿಗೆ ತಮ್ಮ ಆಸ್ತಿಯ ಅರಿವು.