ನಮ್ಮ ನೋವಿನ ಪ್ರಶ್ನೆಗೆ ಲೆಕ್ಕ ಇಟ್ಟವರು ಯಾರು?



ಹೈಸ್ಕೂಲಿನಲ್ಲಿದ್ದಾಗ ತಿಂಗಳಿಗೆ ಎರಡು ದಿನ ನಾನು ಚಾಪೆ ಬಿಟ್ಟು ಏಳುತ್ತಿರಲಿಲ್ಲ. ಅಮ್ಮ ಮಜ್ಜಿಗೆಗೆ ಮೆಂತ್ಯದ ಪುಡಿ ಕದಡಿ ಕೊಡುತ್ತಿದ್ದಳು. ಡಾಕ್ಟರು, "ಮದುವೆಯಾದರೆ ಎಲ್ಲ ಸರಿಹೋಗುತ್ತಮ್ಮ" ಎಂದುಬಿಟ್ಟರು. ಮದುವೆಯೂ ಆಯಿತು, ಎರಡು ಮಕ್ಕಳೂ ಆದವು. ನೋವು ಮಾತ್ರ ಹೋಗಲಿಲ್ಲ. ನಿಮ್ಮಲ್ಲೂ ಎಷ್ಟೋ ಮಂದಿ ಈ ಮಾತು ಕೇಳಿರಬೇಕು, ಅಲ್ಲವೇ?

ಮುಟ್ಟಿನ ನೋವಿಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೂ ಬೆಳೆಯುವ ಕಾಯಿಲೆ ಇದು. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆಂದು ಅಂದಾಜು.

ರೋಗಿಗಳೇ ಕೇಳಿದ ಪ್ರಶ್ನೆಗಳು

ಯಾವ ಕಾಯಿಲೆಯಲ್ಲಿ ಏನನ್ನು ಸಂಶೋಧಿಸಬೇಕು ಎಂದು ಬಹುಕಾಲ ತೀರ್ಮಾನಿಸಿದವರು ವಿಜ್ಞಾನಿಗಳು, ಔಷಧ ಕಂಪನಿಗಳು. ನೋವು ತಿನ್ನುವವರನ್ನು ಕೇಳಿದ್ದು ಕಡಿಮೆ. ಇದನ್ನು ಸರಿಪಡಿಸಲು ಬ್ರಿಟನ್ನಿನಲ್ಲಿ 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಹುಟ್ಟಿತು. ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ವೈದ್ಯರು ಎಲ್ಲರೂ ಪ್ರಶ್ನೆ ಕಳಿಸುತ್ತಾರೆ. ಈಗಾಗಲೇ ಉತ್ತರವಿರುವುದನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಮುಖ್ಯವಾದ ಹತ್ತನ್ನು ಒಟ್ಟಿಗೆ ಕೂತು ಆರಿಸುತ್ತಾರೆ.

ಎಂಡೋಮೆಟ್ರಿಯೋಸಿಸ್ ಬಗ್ಗೆ ಬ್ರಿಟನ್, ಐರ್ಲೆಂಡಿನವರು ಆರಿಸಿದ ಹತ್ತು ಪ್ರಶ್ನೆಗಳು 2017ರಲ್ಲಿ ಪ್ರಕಟವಾದವು. ಮೊದಲನೆಯದು, ಇದನ್ನು ಪೂರ್ತಿ ವಾಸಿ ಮಾಡಬಹುದೇ? ಎರಡನೆಯದು, ಇದು ಯಾಕೆ ಬರುತ್ತದೆ? ಮೂರನೆಯದು, ಕಾಯಿಲೆ ಬೇಗ ಪತ್ತೆಯಾಗಲು ವೈದ್ಯರಿಗೆ ಹೇಗೆ ತಿಳಿವಳಿಕೆ ಕೊಡಬೇಕು? ನೋಡಿ, ನಾವು ನೀವು ಕೇಳುವಂಥವೇ!

ಆಮೇಲೇನಾಯಿತು?

ಹಾಲಿನ ಲೆಕ್ಕ ನಾವು ಕ್ಯಾಲೆಂಡರಿನಲ್ಲಿ ದಿನಾ ಬರೆದಿಡುತ್ತೇವೆ. ಪ್ರಶ್ನೆಗಳಿಗೂ ಅಂಥ ಲೆಕ್ಕ ಬೇಡವೇ?

2020ರಲ್ಲಿ ಅಲ್ಲಿನ ಪಾರ್ಲಿಮೆಂಟಿನ ಸದಸ್ಯರ ಗುಂಪೊಂದು ವಿಚಾರಿಸಿದಾಗ, ಕಾಯಿಲೆ ಪತ್ತೆಯಾಗಲು ಸರಾಸರಿ 8 ವರ್ಷ ಹಿಡಿಯುತ್ತಿತ್ತು. 2024ರಲ್ಲಿ ಎಂಡೋಮೆಟ್ರಿಯೋಸಿಸ್ ಯು.ಕೆ. ಸಂಸ್ಥೆ ಮತ್ತೆ ಲೆಕ್ಕ ಹಾಕಿತು. 8 ವರ್ಷ 10 ತಿಂಗಳು! ಕಡಿಮೆಯಾಗುವುದಿರಲಿ, ಜಾಸ್ತಿಯೇ ಆಗಿತ್ತು. ನಡುವೆ ಕೊರೋನಾ ಬಂದು ಆಸ್ಪತ್ರೆಗಳಲ್ಲಿ ಕಾಯುವ ಸಾಲು ಬೆಳೆದಿದ್ದೂ ನಿಜ. ಆದರೆ ಅಳೆದು ನೋಡದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಒಳ್ಳೆಯ ಸುದ್ದಿಯೂ ಉಂಟು. ಶಸ್ತ್ರಚಿಕಿತ್ಸೆಯ ನಂತರವೂ ಸೇರಿ, ಕಾಯಿಲೆ ಮುಂದುವರಿಯದಂತೆ, ಹರಡದಂತೆ ಏನು ಮಾಡಬೇಕು ಎಂಬುದು ಪಟ್ಟಿಯ ಒಂಬತ್ತನೇ ಪ್ರಶ್ನೆ. 405 ಹೆಂಗಸರ ಮೇಲೆ ನಡೆದ ಒಂದು ಪರೀಕ್ಷೆಯ ಫಲ 2024ರಲ್ಲಿ ಬಂತು. ದಿನಾ ನುಂಗುವ ಗರ್ಭನಿರೋಧಕ ಮಾತ್ರೆಯಾಗಲಿ, ಇಂಜೆಕ್ಷನ್ ಇಲ್ಲವೇ ಗರ್ಭಕೋಶದಲ್ಲಿಡುವ ಹಾರ್ಮೋನಿನ ಸಾಧನವಾಗಲಿ, ಮೂರು ವರ್ಷದ ಮೇಲೂ ನೋವನ್ನು ಸುಮಾರು ಒಂದೇ ಸಮ ತಗ್ಗಿಸಿದ್ದವು. ಆದರೆ ಈ ಪರೀಕ್ಷೆ 2015ರಲ್ಲೇ ಶುರುವಾಗಿತ್ತು. ಹಾಗಾಗಿ ಪಟ್ಟಿಯಿಂದಲೇ ಆಯಿತೆಂದು ಬೀಗುವಂತಿಲ್ಲ. ಲೆಕ್ಕ ಅಂದರೆ ಇಷ್ಟು ಪ್ರಾಮಾಣಿಕವಾಗಿರಬೇಕು.

ಆ ಸಂಸ್ಥೆಗೆ ಹೆಸರು ಕೊಟ್ಟ ಜೇಮ್ಸ್ ಲಿಂಡ್ ಹಡಗಿನ ವೈದ್ಯ. ಒಸಡಿನಲ್ಲಿ ರಕ್ತ ಬರುವ ಸ್ಕರ್ವಿ ಕಾಯಿಲೆ ಕಿತ್ತಳೆ, ನಿಂಬೆಹಣ್ಣಿಗೆ ಬಗ್ಗುತ್ತದೆಂದು 1747ರಲ್ಲೇ ತೋರಿಸಿದ್ದ. ನೌಕಾದಳ ನಾವಿಕರಿಗೆಲ್ಲ ನಿಂಬೆರಸ ಕೊಡಲು ಆಜ್ಞೆ ಮಾಡಿದ್ದು 1795ರಲ್ಲಿ! ಉತ್ತರ ಸಿಕ್ಕರೆ ಸಾಲದು, ಬೇಕಾದವರ ಬಾಯಿಗೆ ಬೀಳಬೇಕು.

ನಾವೇನು ಮಾಡಬಹುದು?

ಹಾಲಿನ ಲೆಕ್ಕದ ಪಕ್ಕದಲ್ಲೇ ನೋವಿನ ಲೆಕ್ಕವನ್ನೂ ಬರೆಯಿರಿ. ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಎಷ್ಟು ಮಾತ್ರೆ ನುಂಗಿದಿರಿ, ಮಗಳು ಎಷ್ಟು ದಿನ ಶಾಲೆ ತಪ್ಪಿಸಿದಳು. ಮೂರು ತಿಂಗಳ ಲೆಕ್ಕ ಹಿಡಿದು ಡಾಕ್ಟರ ಬಳಿ ಹೋಗಿ, "ಇದು ಎಂಡೋಮೆಟ್ರಿಯೋಸಿಸ್ ಇರಬಹುದೇ?" ಎಂದು ನಾಚದೆ ಕೇಳಿ. ಔಷಧ ಕೊಟ್ಟ ಮೇಲೂ ಬರೆಯುವುದನ್ನು ನಿಲ್ಲಿಸಬೇಡಿ.

ಮಗಳಿಗಂತೂ "ಮದುವೆಯಾದರೆ ಸರಿಹೋಗುತ್ತೆ" ಎನ್ನಬೇಡಿ. ನಾನು ಹೇಳಲಿಲ್ಲ. ಅವಳ ಕ್ಯಾಲೆಂಡರನ್ನೇ ಡಾಕ್ಟರ ಮುಂದೆ ಇಟ್ಟೆ.