ಮಟ್ಟಸ ನಾಲೆಯ ಕಾಣದ ಗುಡ್ಡ

ಎಡಿನ್‌ಬರೋದಲ್ಲಿ ಓದುತ್ತಿರುವ ಓದುಗರೊಬ್ಬರು ಅಲ್ಲಿಂದ ಫಾಲ್ಕರ್ಕ್‌ವರೆಗೆ ಯೂನಿಯನ್ ನಾಲೆಯ ಏರಿ ಹಿಡಿದು 5 ಗಂಟೆಯಲ್ಲಿ 50 ಕಿಲೋಮೀಟರ್ ಓಡಿದರಂತೆ. ‘ದಾರಿಯಲ್ಲಿ ದಿಬ್ಬ ಅನ್ನುವಂಥದ್ದೇ ಇಲ್ಲ. ಆದರೂ ಬೆಟ್ಟ ಹತ್ತಿದ ಹಾಗೆ ಕಾಲು ಸೋತವು. ಯಾಕೆ?’ ಎಂದು ಕೇಳಿದ್ದಾರೆ. ಬೆಟ್ಟ ಹತ್ತಿದ್ದು ನಿಜ. ಆ ಬೆಟ್ಟವನ್ನು ಎಬ್ಬಿಸಿದವರೂ ಅವರೇ.

1822ರಲ್ಲಿ ತೆರೆದ ಈ ನಾಲೆ ಸಮುದ್ರಮಟ್ಟದಿಂದ 73 ಮೀಟರ್ ಎತ್ತರದ ಗೆರೆಯನ್ನು ಬಿಡದೆ ಸಾಗುತ್ತದೆ. ಕಣಿವೆ ಬಂದರೆ ಮೇಲ್ಗಾಲುವೆ, ಗುಡ್ಡ ಅಡ್ಡ ಬಂದರೆ ಬಳಸುದಾರಿ ಇಲ್ಲವೇ ಸುರಂಗ. ಏರಿ ಇದ್ದದ್ದು ಓಟಗಾರರಿಗಲ್ಲ, ದೋಣಿ ಎಳೆಯುವ ಕುದುರೆಗಳಿಗೆ. ಆ ಕುದುರೆಗಳಿಗೂ ಇದೇ ಗೋಳು.

ದೋಣಿ ಮುಂದೆ ಹೋಗುವಾಗ ಮೂತಿಯ ಬಳಿ ನೀರು ಗುಪ್ಪೆಯಾಗುತ್ತದೆ. ವೇಗ ಹೆಚ್ಚಿದಂತೆ ಮೂತಿ ಮೇಲೆದ್ದು ಹಿಂಭಾಗ ಕುಸಿಯುತ್ತದೆ. ಅಂದರೆ ದೋಣಿ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತುತ್ತಿರುತ್ತದೆ, ಹತ್ತಿಸುವ ಪಾಡು ಕುದುರೆಯದು. ಗ್ಲಾಸ್ಗೋ-ಪೇಸ್ಲಿ ನಾಲೆಯಲ್ಲಿ ಒಮ್ಮೆ ವಿಲಿಯಂ ಹ್ಯೂಸ್ಟನ್ ಎಂಬವರ ಕುದುರೆ ಬೆದರಿ, ದೋಣಿಯ ಸಮೇತ ಓಟ ಕಿತ್ತಿತು. ಆಗೊಂದು ವಿಚಿತ್ರ ನಡೆಯಿತು: ವೇಗ ಒಂದು ಮಿತಿ ದಾಟಿದ್ದೇ ತಡ, ದೋಣಿ ಅಲೆಯ ಮೇಲೇರಿ ಕುಳಿತು ಹಗುರವಾಯಿತು. ಹ್ಯೂಸ್ಟನ್ ಜಾಣ. ಕುದುರೆಯ ದಿಗಿಲನ್ನೇ ಬಂಡವಾಳ ಮಾಡಿಕೊಂಡು ವೇಗದ ಪ್ರಯಾಣಿಕರ ದೋಣಿಗಳನ್ನು ಹೊರಡಿಸಿದರು.

ಆ ಮಿತಿಯೇ ಅಲೆಯ ವೇಗ. ಆ ಅಲೆಯನ್ನೇ ಬೆನ್ನಟ್ಟಿದವರು ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್. 1834ರಲ್ಲಿ, 26ರ ಹರೆಯದಲ್ಲಿ, ಯೂನಿಯನ್ ನಾಲೆಯ ದಂಡೆಯಲ್ಲಿದ್ದಾಗ ಎರಡು ಕುದುರೆಗಳು ಎಳೆಯುತ್ತಿದ್ದ ದೋಣಿ ಗಕ್ಕನೆ ನಿಂತಿತು. ಅದು ಎಬ್ಬಿಸಿದ್ದ ನೀರಿನ ಗುಪ್ಪೆ ಮಾತ್ರ ನಿಲ್ಲಲಿಲ್ಲ. ಸುಮಾರು 30 ಅಡಿ ಉದ್ದ, ಒಂದು-ಒಂದೂವರೆ ಅಡಿ ಎತ್ತರದ ಒಂಟಿ ಅಲೆಯಾಗಿ, ಗಂಟೆಗೆ 8-9 ಮೈಲಿಯಂತೆ ಹೊರಟೇಬಿಟ್ಟಿತು. ರಸೆಲ್ ಕುದುರೆಯೇರಿ ಒಂದೆರಡು ಮೈಲಿ ಹಿಂಬಾಲಿಸಿದರು. ತಿರುವುಗಳಲ್ಲಿ ಅಲೆ ಕೈತಪ್ಪಿತು. ಏರಿ ಮತ್ತು ಸಮನಾದ ನೀರು ಎರಡೂ ಇಲ್ಲದಿದ್ದರೆ ಈ ಬೇಟೆಯೇ ನಡೆಯುತ್ತಿರಲಿಲ್ಲ. ಏರಿ, ಗಣಿತಜ್ಞ ಸ್ಟೋಕ್ಸ್‌ರಂಥ ಘಟಾನುಘಟಿಗಳು ಇಂಥ ಅಲೆಯನ್ನು ಸುಲಭಕ್ಕೆ ಒಪ್ಪಲಿಲ್ಲ. (ಈ ಏರಿ ನಾಲೆಯದಲ್ಲ, ಖಗೋಳಜ್ಞ ಜಾರ್ಜ್ ಏರಿ!) ಇಂಥ ಒಂಟಿ ಅಲೆಗೆ ‘ಸಾಲಿಟಾನ್’ ಎಂಬ ಹೆಸರು ಬಂದದ್ದು 1965ರಲ್ಲಿ.

ಅಲೆಯ ವೇಗ ನೀರಿನ ಆಳಕ್ಕೆ ಕಟ್ಟುಬಿದ್ದದ್ದು. ದೋಣಿಯ ವೇಗದ ವರ್ಗವನ್ನು ಆಳ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿದರೆ ಬರುವ ಅಂಕಿ ಸುಮಾರು ಒಂದಾದಾಗ ದೋಣಿ ಅಲೆಯನ್ನು ಹಿಡಿಯುತ್ತದೆ. ಹಡಗು ತಜ್ಞ ವಿಲಿಯಂ ಫ್ರೂಡ್ ಹೆಸರಿನ ಈ ಅಂಕಿಯನ್ನು ಪ್ರಾಣಿಗಳ ಕಾಲಿಗೆ ತಂದವರು ಲೀಡ್ಸ್‌ನ ಪ್ರಾಣಿಶಾಸ್ತ್ರಜ್ಞ ಮೆಕ್‌ನೀಲ್ ಅಲೆಕ್ಸಾಂಡರ್. ಆಳದ ಜಾಗದಲ್ಲಿ ಕಾಲಿನ ಉದ್ದ ಇಟ್ಟರಾಯಿತು. ಅಂಕಿ ಅರ್ಧ ಮುಟ್ಟುವಾಗ ನಾವು ನಡಿಗೆ ಬಿಟ್ಟು ಓಟಕ್ಕಿಳಿಯುತ್ತೇವೆ. 90 ಸೆಂಟಿಮೀಟರ್ ಕಾಲಿಗೆ ಅದು ಗಂಟೆಗೆ ಸುಮಾರು 7.5 ಕಿಲೋಮೀಟರ್. ನೀರಿಗೂ ಮೊಣಕಾಲಿಗೂ ಒಂದೇ ಸೂತ್ರ! ನನಗಂತೂ ಇದು ಎಷ್ಟು ಸಲ ಬರೆದರೂ ಬೇಸರ ಬಾರದ ಸಂಗತಿ.

ಇನ್ನು ಓದುಗರ ಬೆಟ್ಟ. ಓಡುವಾಗ ಪ್ರತಿ ಹೆಜ್ಜೆಗೂ ಮೈ ಮೇಲೇಳುತ್ತದೆ. 7 ಸೆಂಟಿಮೀಟರ್ ಅನ್ನಿ. ಹೆಜ್ಜೆಗೆ ಒಂದು ಮೀಟರಿನಂತೆ 50,000 ಹೆಜ್ಜೆ. ಕೂಡಿದರೆ ಮೂರೂವರೆ ಕಿಲೋಮೀಟರ್ ಎತ್ತರ! ಪುಣ್ಯಕ್ಕೆ ಹಿಮ್ಮಡಿಯ ಸ್ನಾಯುರಜ್ಜು ಮತ್ತು ಅಂಗಾಲಿನ ಕಮಾನು, ಇಳಿಯುವಾಗಿನ ಶಕ್ತಿಯಲ್ಲಿ ಸುಮಾರು ಅರ್ಧವನ್ನು ಹಿಡಿದಿಟ್ಟು ಮರಳಿಸುತ್ತವೆ. ಬೂಟಿನ ಜಾಹೀರಾತುಗಳು ಭಾರಿ ಬೆಲೆಗೆ ಮಾರುವ ಸ್ಪ್ರಿಂಗು ಹುಟ್ಟುತ್ತಲೇ ನಮ್ಮೊಳಗಿದೆ. ಉಳಿದರ್ಧ ಸ್ನಾಯುಗಳ ತಲೆಗೆ. ಏರಿಳಿತದ ದಾರಿಯಲ್ಲಾದರೆ ದುಡಿಯುವ ಸ್ನಾಯುಗಳು ಆಗಾಗ ಬದಲಾಗುತ್ತವೆ; ನಾಲೆ ದಂಡೆಯಲ್ಲಿ ದುಡಿದವೇ ದುಡಿಯಬೇಕು.

ರಸೆಲ್‌ರ ಅಲೆಯ ವೇಗ ಗಂಟೆಗೆ ಸುಮಾರು 14 ಕಿಲೋಮೀಟರ್. ಮೂರು ಗಂಟೆಯಲ್ಲಿ ಮ್ಯಾರಥಾನ್ ಮುಗಿಸುವವರ ವೇಗವೂ ಅಷ್ಟೇ. ಅಂಥವರು ಕುದುರೆಯಿಲ್ಲದೆಯೂ ಅದರ ಜತೆ ಓಡಬಹುದು. ನಮ್ಮ ಓದುಗರು ಒಂದು ಕಿಲೋಮೀಟರ್ ಮುಗಿಸುವಷ್ಟರಲ್ಲಿ ಅದು 400 ಮೀಟರ್ ಮುಂದಿರುತ್ತದೆ.